ಬಿಳಿ ಪುಡಿ ಒಲ್ಲದ ರೆಕ್ಕೆ

ಗಿರಣಿಯೊಂದರ ದೊಡ್ಡ ಫ್ಯಾನಿಗೆ ಜೋಡಿಸಬೇಕಿದ್ದ ಉಕ್ಕಿನ ರೆಕ್ಕೆಗಳನ್ನು ಪರೀಕ್ಷೆಗೆಂದು ಸಾಲಾಗಿ ನಿಲ್ಲಿಸಿದ್ದರು. ಒಂದೊಂದಕ್ಕೂ ಬಿಳಿ ಪುಡಿ ಬಳಿದು, ಸಣ್ಣಗೆ ನಡುಗಿಸಿ, ಮೇಲೆ ಲೇಸರಿನ ಕೆಂಪು ಬೆಳಕು ಬಿಡುವುದು ಅಲ್ಲಿನ ಕ್ರಮ. ಹಿರಿಯ ರೆಕ್ಕೆ ಮಾತ್ರ ಪುಡಿಯನ್ನೆಲ್ಲ ಕೊಡವಿಕೊಂಡು ಥಳಥಳ ಹೊಳೆಯುತ್ತ ನಿಂತಳು. ಬುಡದಲ್ಲೊಂದು ನೋವಿತ್ತು, ಅದು ಅವಳಿಗೆ ಮಾತ್ರ ಗೊತ್ತು.

"ಅಕ್ಕಾ, ಪುಡಿ ಹಚ್ಚಿಕೊಳ್ಳಿ," ಎಂದಿತು ಬೆಳಕು. "ಪುಡಿಯಿಂದ ಒರಟಾದ ಮೈಮೇಲೆ ಬಿದ್ದರೆ ನಾನು ಚುಕ್ಕಿಚುಕ್ಕಿಯಾಗಿ ಚೆದುರುತ್ತೇನೆ. ಮೈ ನಡುಗಿದಾಗ ಆ ಚುಕ್ಕಿಗಳಲ್ಲಿ ಪಟ್ಟೆ ಮೂಡುತ್ತದೆ. ಪಟ್ಟೆ ಸೊಟ್ಟಗಾದಲ್ಲಿ ಬಿರುಕಿದೆ ಎಂದರ್ಥ."

"ನನ್ನ ಹೊಳಪಿನ ಮೇಲೆ ಪುಡಿಯೇ? ನೋಡುವುದಿದ್ದರೆ ಹೀಗೇ ನೋಡು."

ಬೆಳಕು ನೋಡಿತು. "ನಿಮ್ಮಲ್ಲಿ ನನ್ನ ಮುಖವೇ ಕಾಣುತ್ತಿದೆ, ನಿಮ್ಮದಲ್ಲ," ಎಂದು ಬೇಸರದಿಂದ ಹಿಂದಿರುಗಿತು.

ಸೊಟ್ಟ ಪಟ್ಟೆ ಒಂದೂ ಕಾಣಲಿಲ್ಲವೆಂದು ಪರೀಕ್ಷಕರು ಅವಳನ್ನೂ ಪಾಸು ಮಾಡಿದರು. ಸದ್ಯ ಬಚಾವಾದೆ ಎಂದುಕೊಂಡಳು.

ಫ್ಯಾನು ವೇಗ ಹಿಡಿದ ಮೊದಲ ದಿನವೇ ಅವಳ ಬುಡ ಮುರಿಯಿತು. ಕಿತ್ತು ಹಾರುವಾಗ ಪಕ್ಕದಲ್ಲಿದ್ದ ತಂಗಿ ರೆಕ್ಕೆಯನ್ನೂ ಸೀಳಿಕೊಂಡು ಹೋದಳು. ಆ ತಂಗಿಯ ಮೈಯಲ್ಲಿ ಒಂದು ಗೀರೂ ಇರಲಿಲ್ಲ.

ಗುಜರಿ ರಾಶಿಯಲ್ಲಿ ಇಬ್ಬರೂ ಅಕ್ಕಪಕ್ಕ ಬಿದ್ದರು.

"ನಿನಗೆ ಮೊದಲೇ ಗೊತ್ತಿತ್ತೇನಕ್ಕಾ?" ಎಂದು ತಂಗಿ ಕೇಳಿದಳು.

ದಿನ ಕಳೆದಂತೆ ಅಕ್ಕನ ಮೈಮೇಲೆ ಬಿಳಿ ಧೂಳು ಕೂತು ಹೊಳಪೆಲ್ಲ ಮುಚ್ಚಿಹೋಯಿತು. ಈ ಸಲ ಅವಳು ಕೊಡವಿಕೊಳ್ಳಲಿಲ್ಲ. ಆ ಕೆಂಪು ಬೆಳಕು ಇನ್ನೊಮ್ಮೆ ಬರಲೆಂದು ಕಾದಳು.

ಗುಜರಿಯನ್ನು ಪರೀಕ್ಷಿಸಲು ಯಾರೂ ಬೆಳಕು ತರುವುದಿಲ್ಲ.