ಗೋಡೆಗೆ ಕೂರದ ತೊಲೆ

“ಗುರುಗಳೇ, ನನ್ನ ಕಲಿಕೆ ಮುಗಿಯಿತೆಂದು ನೀವು ಯಾವಾಗ ಹೇಳುತ್ತೀರಿ?” ಎಂದು ಮರಿದೇವ ಕೇಳಿದ. ಪಾಠ ಹೇಳಲು ಬಾ ಎಂದು ಪಕ್ಕದ ಊರಿನವರು ಕರೆದಿದ್ದರು. ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಗುರುಗಳು ಅವನನ್ನು ಕೂರಿಸಿ ಒಂದು ಕತೆ ಹೇಳಿದರು.

ಒಬ್ಬ ಮೇಸ್ತ್ರಿಯ ಕೈಕೆಳಗೆ ಒಬ್ಬ ಶಿಷ್ಯ ಮನೆ ಕಟ್ಟುವುದನ್ನು ಕಲಿಯುತ್ತಿದ್ದ. ಕಲ್ಲು ಹೊತ್ತ, ಗಾರೆ ಅರೆದ, ಗೋಡೆಗೆ ದಾರ ಹಿಡಿದ. ಮೀಸೆ ದಟ್ಟವಾದರೂ ಮೇಸ್ತ್ರಿ ಅವನನ್ನು ಕರೆಯುತ್ತಿದ್ದುದು ‘ಹುಡುಗಾ’ ಎಂದೇ. ಒಮ್ಮೆ ನೇಕಾರನೊಬ್ಬ ಮನೆ ಕಟ್ಟಿಸಲು ಬಂದ. “ಹುಡುಗಾ, ಇದು ನಿನ್ನ ಮನೆ. ನಾನು ಗೃಹಪ್ರವೇಶಕ್ಕೆ ಬರುತ್ತೇನೆ” ಎಂದ ಮೇಸ್ತ್ರಿ.

ಶಿಷ್ಯನ ಕಾಲು ನೆಲಕ್ಕೇ ತಾಗಲಿಲ್ಲ. ಗೋಡೆ ಏರಿದಂತೆ ಅವನೂ ಏರಿದ. ಆ ಉಮೇದಿನಲ್ಲೇ ನಡುಮನೆಯ ತೊಲೆಯನ್ನು ಒಂದು ಗೇಣು ಗಿಡ್ಡವಾಗಿ ಕೊಯ್ದುಬಿಟ್ಟ. ತೊಲೆಯ ತುದಿ ಗೋಡೆಯ ಅಂಚಿಗಷ್ಟೇ ತಾಗಿತು. ಮುಹೂರ್ತ ಹತ್ತಿರವಿತ್ತು. ಸಂದಿಗೆ ಕಲ್ಲುಚೂರು, ಮಣ್ಣು ತುರುಕಿ ಮೇಲೆ ಗಾರೆ ಮೆತ್ತಿದ. ಗಾರೆ ಕನ್ನಡಿಯಂತೆ ಹೊಳೆಯಿತು.

ಗೃಹಪ್ರವೇಶಕ್ಕೆ ಊರೇ ನೆರೆಯಿತು. ನೋಡಿದವರೆಲ್ಲ ಭೇಷ್ ಎಂದರು. ಮೇಸ್ತ್ರಿ ಬಂದು ಗೋಡೆಯ ಮೇಲೆ ಕೈಯಾಡಿಸಿ, “ಚೆನ್ನಾಗಿದೆ” ಎಂದ. ಶಿಷ್ಯನ ಎದೆ ಉಬ್ಬಿತು. ಅಷ್ಟರಲ್ಲಿ ನೇಕಾರನ ತುಂಬುಬಸುರಿ ಹೆಂಡತಿ ನಡುಮನೆಗೆ ಬಂದು ತಲೆಯೆತ್ತಿ ನೋಡಿದಳು.

“ತೊಟ್ಟಿಲನ್ನು ಈ ತೊಲೆಗೇ ಕಟ್ಟುತ್ತೇನಣ್ಣಾ. ಇಲ್ಲಿ ಗಾಳಿ ಚೆನ್ನಾಗಿ ಬೀಸುತ್ತದೆ.”

ಶಿಷ್ಯ ಬೆಚ್ಚಿ ತೊಲೆಯ ತುದಿ ನೋಡಿದ. ಹಿತ್ತಲಿಗೆ ಓಡಿ ಹಾರೆ ತಂದವನೇ ಎಲ್ಲರೆದುರು ಗಾರೆಗೆ ಬೀಸಿದ. ಚಕ್ಕೆ ಹಾರಿತು. ಹೆಂಗಸರು ಚೀರಿದರು. ನೇಕಾರ ಅವನ ರಟ್ಟೆ ಹಿಡಿದು, “ನಿನಗೇನು ಹುಚ್ಚು ಹಿಡಿಯಿತೇನೋ!” ಎಂದು ಕೂಗಿದ.

“ಬಿಡಿ ಯಜಮಾನರೇ! ತೊಲೆ ಗೋಡೆಯ ಮೇಲೆ ಕೂತಿಲ್ಲ. ನಾನೇ ಮುಚ್ಚಿದ್ದೆ. ಅಕ್ಕಾ, ನೀನು ಮೊದಲು ಹೊರಗೆ ನಡೆ!”

ಇನ್ನೊಂದು ಏಟಿಗೆ ಮಣ್ಣು ಉದುರಿತು. ತೊಲೆಯ ಗಿಡ್ಡ ತುದಿ ಎಲ್ಲರಿಗೂ ಕಂಡಿತು. ನೇಕಾರನ ಕೈ ಸಡಿಲವಾಯಿತು. ಶಿಷ್ಯ ನಾಚಿಕೆಯಿಂದ ಬೆವರುತ್ತಲೇ ಆಸರೆಗೊಂದು ಕಂಬ ಎಳೆದು ತಂದ. ಒಬ್ಬನಿಂದ ಎತ್ತಲಾಗಲಿಲ್ಲ.

ಆಗ ಮೇಸ್ತ್ರಿ ಹೆಗಲ ವಸ್ತ್ರವನ್ನು ಸೊಂಟಕ್ಕೆ ಬಿಗಿದು ಮುಂದೆ ಬಂದ.

“ಯಾವ ತುದಿ ಹಿಡಿಯಲಿ, ಮೇಸ್ತ್ರಿಗಳೇ?” ಎಂದು ಶಿಷ್ಯನನ್ನು ಕೇಳಿದ.

ಶಿಷ್ಯನ ಕಣ್ಣು ತುಂಬಿ ಬಂತು. ಆದರೂ ತುದಿ ತೋರಿಸಿದ. ಇಬ್ಬರೂ ಸೇರಿ ಕಂಬವೆತ್ತಿ ತೊಲೆಗೆ ಆಸರೆ ಕೊಟ್ಟರು. ವಾರದೊಳಗೆ ಹೊಸ ತೊಲೆ ಏರಿತು. ಮುಂದೆ ಅದೇ ತೊಲೆಗೆ ಕಟ್ಟಿದ ತೊಟ್ಟಿಲಲ್ಲಿ ನೇಕಾರನ ಮಗಳು ಮಲಗಿದಳು.

ಕತೆ ಮುಗಿಯಿತು. ಮರಿದೇವ ತಡೆಯಲಾರದೆ, “ಹಾಗಾದರೆ ಗಾರೆಯ ಹಿಂದೆ ಏನಿದೆಯೆಂದು ಆ ಮೇಸ್ತ್ರಿಗೆ ಮೊದಲೇ ಗೊತ್ತಿತ್ತೇ?” ಎಂದು ಕೇಳಿದ.

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು: “ನಿನ್ನ ಗಾರೆಯ ಹಿಂದೆ ಏನಿದೆಯೆಂದು ನನ್ನನ್ನೇಕೆ ಕೇಳುತ್ತೀಯೆ, ಮರಿದೇವಾ?”