ನಾಲ್ಕು ಮಂದಿ ಸಾಕು

ಕಲ್ಲಿನಾಥ ಹೊಳೆದಂಡೆಯ ಆಶ್ರಮಕ್ಕೆ ಬಂದದ್ದು ನಿದ್ದೆ ಹುಡುಕಿಕೊಂಡು. ದೊಡ್ಡದೊಂದು ವಿಮಾನ ನಿಲ್ದಾಣದ ಗೋಪುರದಲ್ಲಿ ಕೂತು ವಿಮಾನಗಳಿಗೆ ಇಳಿ, ಏರು ಎನ್ನುವವರ ಮುಖ್ಯಸ್ಥನಾಗಿದ್ದವನು. ನಿವೃತ್ತನಾಗಿ ವರ್ಷವಾಗಿತ್ತು. ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ.

"ಎಂಟು ಮಂದಿ ಮಾಡೋ ಕೆಲಸಕ್ಕ ಐದು ಮಂದಿ ಇದ್ವಿ, ಅಜ್ಜಾರ," ಎಂದು ಗುರುಗಳ ಮುಂದೆ ಹೇಳಿಕೊಂಡ. "ಒಬ್ಬೊಬ್ಬರಿಗೆ ಎರಡೆರಡು ಕುರ್ಚಿ ಕೆಲಸ. ವಿಶಾಲಾಕ್ಷಿ ಅನ್ನೋ ಹುಡುಗಿ, ರನ್‌ವೇ ಮ್ಯಾಲ ಒಂದು ವಿಮಾನ ಇದ್ದಾಗಲೇ ಇನ್ನೊಂದಕ್ಕ ಇಳಿ ಅಂದುಬಿಟ್ಲು. ಪೈಲಟ್ ನೋಡಿ ವಿಮಾನ ಮತ್ತ ಮ್ಯಾಲ ಎತ್ತಿದ. ಯಾರಿಗೂ ಏನೂ ಆಗಲಿಲ್ಲ. ಆಕಿ ಕೆಲಸ ಮಾತ್ರ ಹೋತು."

"ನೀ ಏನಂದಿ?"

"ಮಂದಿ ಸಾಕಷ್ಟಿದ್ರೇನು ಅಂತ ವಿಚಾರಣೆಯೊಳಗ ಕೇಳಿದ್ರು. ದಿನಾ 'ಸಾಕು' ಅಂತ ಬರದು ಸಹಿ ಹಾಕಿದಾವ ನಾನೇ. ಸುಮ್ಮನ ಕುಂತೆ."

ಗುರುಗಳು ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಅಮಾಸಿ ಬಂತು. ದಾಸೋಹದಾಗ ಬಡಸೋ ಉಸ್ತುವಾರಿ ನಿನ್ನದು," ಎಂದರು.

ಬಡಿಸಲು ಆರು ಮಂದಿ ಬೇಕಿತ್ತು. ಅವನೂ ಸೇರಿ ನಾಲ್ವರಾದರು. ಸೊಂಟಕ್ಕೆ ಟವೆಲ್ ಬಿಗಿದು ಓಡಾಡಿದ. ಪಂಕ್ತಿಯಲ್ಲಿ ಒಬ್ಬರಿಗೂ ಕಡಿಮೆಯಾಗಲಿಲ್ಲ.

"ಹೆಂಗಾತು?"

"ಹೆಂಗೋ ಸಂಭಾಳಿಸಿದ್ವಿ, ಅಜ್ಜಾರ."

ಹೇಳುವಾಗ ಎದೆ ತುಸು ಉಬ್ಬಿತ್ತು. ಹುಟ್ಟುಗುಣ ಸುಟ್ಟರೂ ಹೋಗದು.

ಮುಂದಿನ ಅಮಾವಾಸ್ಯೆಗೆ ಗುರುಗಳು ಕೇಳಿದರು: "ಹೋದ ಸಲ ನಾಲ್ಕು ಮಂದಿ ಸಾಕಾದ್ರಲ್ಲ, ಈ ಸಲ ಮೂವರು ಸಾಕೇನು?"

"ಸಾಕ್ರೀ."

ಅದೂ ಹೇಗೋ ನಡೆಯಿತು.

ಮೂರನೆಯ ಅಮಾವಾಸ್ಯೆ. "ಇಬ್ಬರು?"

ಸಾಲುವುದಿಲ್ಲ ಎಂಬ ಮಾತು ಗಂಟಲವರೆಗೆ ಬಂತು. ಹಾಳು ಅಭ್ಯಾಸ, ನುಂಗಿಕೊಂಡ.

"ಸಾಕ್ರೀ."

ಅಂದು ಅನ್ನ, ರೊಟ್ಟಿ ಅವನ ಪಾಲಿಗೆ. ಪಲ್ಯ, ಸಾರು ಎರಡೂ ಅಡುಗೆಮನೆಯ ನೀಲವ್ವನ ಪಾಲಿಗೆ. ಈ ಕಡೆಯಿಂದ ಒಬ್ಬ ಸಾರು ಎಂದ, ಆ ಕಡೆಯಿಂದ ಇನ್ನೊಬ್ಬ ಪಲ್ಯ ಎಂದ. ಅವಳು ಗಡಬಡಿಸಿ ತಿರುಗಿದಾಗ ಕುದಿಯುವ ಸಾರು ಪಂಕ್ತಿಯ ಕೊನೆಗೆ ಕೂತಿದ್ದ ಗುರುಗಳ ಕೈಮೇಲೆ ಬಿತ್ತು.

"ಕಣ್ಣು ಎಲ್ಲಿಟ್ಟೀಯವಾ?" ಎಂದು ಒಬ್ಬರು. "ಅಜ್ಜಾರ ಕೈ ಸುಟ್ಟಳಲ್ಲ," ಎಂದು ಇನ್ನೊಬ್ಬರು. ಪಂಕ್ತಿಗೆ ಪಂಕ್ತಿಯೇ ಅವಳ ಮೇಲೆ ಬಿತ್ತು. ನೀಲವ್ವ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ಕಲ್ಲಿನಾಥ ಅನ್ನದ ಬುಟ್ಟಿ ಹಿಡಿದು ನಿಂತೇ ಇದ್ದ. ತುಟಿ ಪಿಟಕ್ಕೆನ್ನಲಿಲ್ಲ.

ಎಲ್ಲರ ಊಟ ಮುಗಿದ ಮೇಲೆ ಹೊಳೆಯ ಮೆಟ್ಟಿಲಿಗೆ ಬಂದ. ಗುರುಗಳು ಸುಟ್ಟ ಕೈಯನ್ನು ನೀರಲ್ಲಿ ಅದ್ದಿಕೊಂಡು ಕೂತಿದ್ದರು. ಕಾಲಿಗೆ ಬಿದ್ದ. ಗಂಡಸು, ಅರವತ್ತು ದಾಟಿದವನು, ಬಿಕ್ಕಿ ಬಿಕ್ಕಿ ಅತ್ತ.

"ತಪ್ಪು ನೀಲವ್ವಂದಲ್ರೀ, ನಂದು. ಇಬ್ಬರು ಸಾಲೂದಿಲ್ಲ ಅಂತ ನನಗ ಗೊತ್ತಿತ್ತು. ಆವತ್ತಿನ ತಪ್ಪೂ ವಿಶಾಲಾಕ್ಷಿದಲ್ಲ. ಐದು ಮಂದಿ ಸಾಲೂದಿಲ್ಲ ಅಂತಾನೂ ಗೊತ್ತಿತ್ತು."

"ಖರೇ ಅದ," ಎಂದರು ಗುರುಗಳು. "ಎಲ್ಲಾರೂ ಕುಂತಿದ್ದಾಗ ಅಂದಿದ್ರ ಒಂದ ಮಾತಿನಾಗ ಮುಗೀತಿತ್ತು."

"ಈಗ ಅಂತೀನ್ರೀ. ಎಲ್ಲಾರ ಮುಂದ ಅಂತೀನಿ."

ಗುರುಗಳು ದಂಡೆಯ ದಾರಿಯತ್ತ ನೋಡಿದರು. ಉಂಡವರು ತಮ್ಮ ತಮ್ಮ ಊರಿಗೆ ಹೊರಟುಹೋಗಿದ್ದರು. ದಾರಿ ಖಾಲಿಯಾಗಿತ್ತು.

"ಪಂಕ್ತಿ ಎದ್ದು ಹೋತಲ್ಲೋ ತಮ್ಮಾ. ಇನ್ನ ಮನಿಮನಿಗೆ ಹೋಗಿ ಹೇಳಬೇಕು."