ಬ್ರೇಕ್ ಪ್ಯಾಡ್ ಕಂಡ ಸಮುದ್ರ

“ಚಕ್ರದೊಳಗೆ ಕೂತವಳು ನೀನು. ಸಮುದ್ರ ನೋಡುವುದು ಈ ಜನ್ಮದಲ್ಲಿ ನಿನ್ನಿಂದಾಗದು” ಎಂದು ಕಾರಿನ ಹಾರ್ನ್ ಮೊದಲ ದಿನವೇ ಹೇಳಿದ್ದ. ಬ್ರೇಕ್ ಪ್ಯಾಡ್ ಅದನ್ನು ಮರೆಯಲಿಲ್ಲ.

ಪ್ರತಿ ರಜೆಗೂ ಸುಗುಣಾಳ ಕುಟುಂಬ ಆ ಕಾರಿನಲ್ಲಿ ಘಟ್ಟ ಇಳಿದು ಹೊನ್ನಾವರಕ್ಕೆ ಹೋಗುತ್ತಿತ್ತು. ತಿರುವು ತಿರುವಿಗೂ ಪ್ಯಾಡ್ ಚಕ್ರದ ತಟ್ಟೆಯನ್ನು ಅವುಚಿ ಹಿಡಿದು ಸವೆಯುತ್ತಿದ್ದಳು. ಕಾರು ನಿಂತಾಗ ಅಲೆಗಳ ಸದ್ದು, ಮಕ್ಕಳ ನಗು ಕೇಳುತ್ತಿತ್ತು. ಕಾಣುತ್ತಿದ್ದದ್ದು ಮಾತ್ರ ಕತ್ತಲೆ.

“ಇನ್ನೂ ಆಸೆಯೇ?” ಎಂದು ಹಾರ್ನ್ ಕೆಣಕಿದ. “ಸ್ವಲ್ಪ ಸಡಿಲ ಹಿಡಿಯಮ್ಮ, ಇನ್ನಷ್ಟು ದಿನ ಬಾಳುತ್ತೀಯ.”

“ಹಿಂದಿನ ಸೀಟಿನಲ್ಲಿ ಮಕ್ಕಳಿದ್ದಾರೆ. ಸಡಿಲ ಹಿಡಿಯುವುದು ನನಗೆ ಬಾರದು.”

ಆರನೆಯ ಪ್ರಯಾಣದಲ್ಲಿ ಅವಳು ಕಿರುಗುಟ್ಟತೊಡಗಿದಳು. ಕಡಲ ಎದುರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಇಬ್ರಾಹಿಂ ಅವಳನ್ನು ಬಿಚ್ಚಿ ತೆಗೆದು, ಹೊಸ ಪ್ಯಾಡ್ ಕೂರಿಸಿದ.

“ಮೂರು ಸಾವಿರವೇ! ಇಷ್ಟು ಚೂರಿಗೆ?” ಎಂದಳು ಸುಗುಣಾ.

ಇಬ್ರಾಹಿಂ ಹಳೆಯ ಪ್ಯಾಡನ್ನು ಅವಳ ಕೈಗಿಟ್ಟ. “ನೋಡಿ ಅಕ್ಕಾ, ಬೆರಳಷ್ಟು ದಪ್ಪ ಇದ್ದದ್ದು ಉಗುರಷ್ಟಾಗಿದೆ. ಉಳಿದದ್ದೆಲ್ಲ ನಿಮ್ಮ ಘಟ್ಟದ ದಾರಿಯಲ್ಲಿದೆ.”

ಸುಗುಣಾ ಮತ್ತೆ ಚೌಕಾಸಿ ಮಾಡಲಿಲ್ಲ. ಹಣ ಕೊಟ್ಟು, ಪ್ಯಾಡನ್ನು ಮೆಲ್ಲನೆ ಗ್ಯಾರೇಜಿನ ಮೋಟುಗೋಡೆಯ ಮೇಲಿಟ್ಟಳು. ಮಕ್ಕಳು ಹತ್ತಿದರು, ಕಾರು ಹೊರಟುಹೋಯಿತು.

ಈಗ ಆ ಗೋಡೆಯ ಮೇಲೆ ಹಳೆಯ ಪ್ಯಾಡಿಗೊಂದು ಜಾಗವಿದೆ, ಎದುರಿಗೆ ಇಡೀ ಸಮುದ್ರವಿದೆ. ಅದಕ್ಕೆ ಅವಳು ಕೊಟ್ಟದ್ದು ತನ್ನ ಮೈಯ ದಪ್ಪವನ್ನು, ಮತ್ತು ಇನ್ನೆಂದೂ ಕೇಳಿಸದ ಆ ಮಕ್ಕಳ ನಗುವನ್ನು.